ಹಳೆಯ ಟಿಪ್ಪರ್‌ನ ಹಿಂದಿನ ಆಕ್ಸಲ್: ಬಿಚ್ಚದೆ ಗುರುತಿಸುವುದು ಹೇಗೆ, ಯಾವುದು ತಗೊಳ್ಳಬೇಕು?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯವನು. ಹತ್ತು ಗಾಲಿಯ ಹಳೆಯ ಟಿಪ್ಪರ್ ತಗೊಳ್ಳೋಣ ಅಂತ ಹುಬ್ಬಳ್ಳಿಯಲ್ಲಿ ಎರಡು ಗಾಡಿ ನೋಡಿದ್ದೇನೆ. ಒಂದರ ಹಿಂದಿನ ಹೌಸಿಂಗ್‌ಗಳು (ಆಕ್ಸಲ್‌ನ ಹೊರಗಿನ ಕಬ್ಬಿಣದ ಕವಚ) ನಡುವೆ ದಪ್ಪಗಿವೆ. ಇನ್ನೊಂದರದು ನಡುವೆ ಚಿಕ್ಕದು, ಗಾಲಿ ಕಡೆ ದಪ್ಪ. ಅದು ಹಬ್ ರಿಡಕ್ಷನ್, ಅದೇ ಗಟ್ಟಿ ಅಂತ ಹೇಳಿ ರೇಟು ಜಾಸ್ತಿ ಕೇಳುತ್ತಿದ್ದಾರೆ. ಮೊದಲನೇ ಗಾಡಿಯಲ್ಲಿ ಒಂದು ಹೌಸಿಂಗ್ ಬದಲಾಯಿಸಿದ್ದಾರೆ, ಅದರ ಮೇಲೆ ಪ್ಲೇಟ್ ಇಲ್ಲ. ರೇಶಿಯೊ ಎರಡರದ್ದೂ ‘ಐದು ಎಂಟು’ ಅನ್ನುತ್ತಾರೆ. ನನ್ನ ಕೆಲಸ ಶಿರಹಟ್ಟಿ ಕಡೆಯ ಕ್ರಷರ್‌ನಿಂದ ಖಡಿ, ಎಂ-ಸ್ಯಾಂಡ್ ತರುವುದು. ಕ್ವಾರಿ ಒಳಗೆ ಎರಡು ಕಿ.ಮೀ., ಆಮೇಲೆ ಐವತ್ತು ಕಿ.ಮೀ. ಡಾಂಬರು. ಆಕ್ಸಲ್ ಬಿಚ್ಚದೆ ಗುರುತಿಸುವುದು ಹೇಗೆ? ಯಾವುದು ತಗೊಳ್ಳಲಿ?

ಉತ್ತರ: ನಿಮ್ಮ ಕೆಲಸಕ್ಕೆ ಮೊದಲನೇ ಗಾಡಿಯೇ ಸರಿ. ಆದರೆ ಒಂದು ಷರತ್ತು ಇದೆ. ಅದರ ಎರಡೂ ಹೌಸಿಂಗ್‌ಗಳ ರೇಶಿಯೊ ಒಂದೇ ಅಂತ ನೀವೇ ಕಣ್ಣಾರೆ ನೋಡಬೇಕು. ರೇಶಿಯೊ ಅಂದರೆ ಗಾಲಿ ಒಂದು ಸುತ್ತು ಹಾಕಲು ಇಂಜಿನ್ ಕಡೆಯಿಂದ ಬರುವ ಶಾಫ್ಟ್ ಎಷ್ಟು ಸುತ್ತು ಹಾಕಬೇಕು ಅನ್ನೋ ಲೆಕ್ಕ. ‘ಐದು ಎಂಟು’ ಅನ್ನೋ ಬಾಯಿಮಾತಿಗೆ ದುಡ್ಡು ಕೊಡಬೇಡಿ. ಹೆಸರು, ಬಣ್ಣ ಬಳಿದು ಬರೆದ ನಂಬರ್ ಎಲ್ಲ ಆಮೇಲೆ. ಕಬ್ಬಿಣ ಏನು ಹೇಳುತ್ತೆ ಅನ್ನೋದು ಮೊದಲು.

ಮೊದಲು ಗಾಡಿ ಹಿಂದೆ ಕೂತು ಕೆಳಗೆ ನೋಡಿ. ಸಿಂಗಲ್ ರಿಡಕ್ಷನ್ ಆಕ್ಸಲ್‌ನಲ್ಲಿ ವೇಗ ಇಳಿಸುವ ಕೆಲಸ ಪೂರ್ತಿ ನಡುವಿನ ಕ್ರೌನ್ (ದೊಡ್ಡ ಹಲ್ಲಿನ ಚಕ್ರ) ಮತ್ತು ಪಿನಿಯನ್ನಿನಲ್ಲೇ (ಅದನ್ನು ತಿರುಗಿಸುವ ಚಿಕ್ಕ ಗೇರ್) ಆಗುತ್ತೆ. ಹಾಗಾಗಿ ಕ್ರೌನ್ ದೊಡ್ಡದು, ಅದನ್ನು ಮುಚ್ಚಿದ ಉಬ್ಬೂ ದೊಡ್ಡದು. ಗಾಲಿಯ ಕಡೆ ಬಂದರೆ ಆಕ್ಸಲ್ ಶಾಫ್ಟ್‌ನ ತಲೆ ಒಂದು ಚಪ್ಪಟೆ ತಟ್ಟೆಯ ಹಾಗೆ ಕಾಣುತ್ತೆ, ಸುತ್ತ ಬೋಲ್ಟ್‌ಗಳು. ಆ ಬೋಲ್ಟ್ ಬಿಚ್ಚಿದರೆ ಗಾಲಿ ಇಳಿಸದೆ, ಜಾಕ್ ಕೂಡ ಹಾಕದೆ ಶಾಫ್ಟನ್ನು ಹೊರಗೆ ಎಳೆಯಬಹುದು. ಅಂದರೆ ಅದು ಫುಲ್ ಫ್ಲೋಟಿಂಗ್ ಶಾಫ್ಟ್. ಗಾಡಿಯ ಭಾರ ಹೊರುವುದು ಹೌಸಿಂಗ್ ಮತ್ತು ಹಬ್ (ಗಾಲಿಯ ನಡುಭಾಗ) ಬೇರಿಂಗ್. ಶಾಫ್ಟ್‌ಗೆ ಗಾಲಿ ತಿರುಗಿಸುವುದೊಂದೇ ಕೆಲಸ. ನಮ್ಮ ದೊಡ್ಡ ಲಾರಿಗಳಲ್ಲಿ ಬಹುತೇಕ ಇದೇ ಏರ್ಪಾಡು.

ಹಬ್ ರಿಡಕ್ಷನ್‌ನಲ್ಲಿ ಕೆಲಸ ಎರಡು ಕಡೆ ಹಂಚಿಹೋಗುತ್ತೆ. ನಡುವಿನ ಕ್ರೌನ್-ಪಿನಿಯನ್ ಸ್ವಲ್ಪ ವೇಗ ಇಳಿಸುತ್ತೆ. ಉಳಿದದ್ದನ್ನು ಪ್ರತಿ ಗಾಲಿಯ ಹಬ್ಬಿನೊಳಗೆ ಕೂತ ಗೇರ್‌ಗಳು ಇಳಿಸುತ್ತವೆ. ಅದಕ್ಕೇ ನಡು ಸಣ್ಣ, ತುದಿ ದಪ್ಪ. ಹಬ್ಬಿನ ಮುಚ್ಚಳ ಡಬ್ಬಿಯ ಹಾಗೆ ಹೊರಗೆ ಚಾಚಿರುತ್ತೆ, ರಿಮ್ಮಿನ ನಡುವಿನ ತೂತನ್ನು ಹೆಚ್ಚುಕಡಿಮೆ ತುಂಬಿಬಿಟ್ಟಿರುತ್ತೆ. ಅದರ ಮುಖದ ಮೇಲೆ ಆಯಿಲ್ ಪ್ಲಗ್ ಇದೆಯಾ ನೋಡಿ. ಸಿಂಗಲ್ ರಿಡಕ್ಷನ್ ಹಬ್ಬಿನ ಮುಖದಲ್ಲಿ ಹಾಗೆ ಪ್ಲಗ್ ಸಿಗುವುದಿಲ್ಲ. ಈ ಒಂದು ಗುರುತಿನಲ್ಲೇ ಅರ್ಧ ಅನುಮಾನ ಹೋಗುತ್ತೆ.

ಹಾಗೇ ಇನ್ನೊಂದು ನೋಡಿಕೊಳ್ಳಿ. ಹತ್ತು ಗಾಲಿ ಇದೆ ಅಂದ ಮಾತ್ರಕ್ಕೆ ಹಿಂದಿನ ಎಂಟೂ ಗಾಲಿ ಎಳೆಯುತ್ತವೆ ಅಂತ ಅಲ್ಲ. ರಸ್ತೆಯಲ್ಲಿ ಮಾಲು ಸಾಗಿಸುವ ಎಷ್ಟೋ ಹತ್ತು ಗಾಲಿ ಲಾರಿಗಳಲ್ಲಿ ಹಿಂದಿನ ಎರಡು ಆಕ್ಸಲ್ ಪೈಕಿ ಒಂದೇ ಎಳೆಯುತ್ತೆ, ಇನ್ನೊಂದು ಸುಮ್ನೆ ಭಾರ ಹೊರುತ್ತೆ. ಅದರಲ್ಲಿ ಕ್ರೌನ್ ಇಲ್ಲ, ಉಬ್ಬಿಲ್ಲ. ಟಿಪ್ಪರ್‌ನಲ್ಲಿ ಎರಡೂ ಎಳೆಯಬೇಕು. ಆ ಎರಡರಲ್ಲಿ ಮುಂದಿರುವ ಹೌಸಿಂಗ್‌ನ ಬೆನ್ನಿನಿಂದ ಒಂದು ಗಿಡ್ಡ ಪ್ರೊಪೆಲ್ಲರ್ ಶಾಫ್ಟ್ (ತಿರುಗುವ ಶಕ್ತಿ ಸಾಗಿಸುವ ದಂಡ) ಹೊರಟು ಹಿಂದಿನ ಹೌಸಿಂಗ್‌ಗೆ ಸೇರಿರಬೇಕು. ಲಾರಿಯ ಚಾಸಿಗೆ ಟಿಪ್ಪರ್ ಬಾಡಿ ಕೂರಿಸಿ ಮಾರುವವರೂ ಇದ್ದಾರೆ. ಟಾಟಾ ಗಾಡಿಯಾದರೆ ಹೆಸರಿನಲ್ಲೇ ಸುಳಿವಿದೆ. ಎಲ್‌ಪಿಟಿ 2518 ಸರಕು ಲಾರಿ, ಎಲ್‌ಪಿಕೆ 2518 ಟಿಪ್ಪರ್. 25 ಅಂದರೆ ಒಟ್ಟು ತೂಕ 25 ಟನ್, 18 ಅಂದರೆ ಸುಮಾರು 180 ಅಶ್ವಶಕ್ತಿ. ಆರ್‌ಸಿ ಪುಸ್ತಕದಲ್ಲಿ ಯಾವುದಿದೆ ಅಂತ ನೋಡಿ, ಕೆಳಗಿನ ಆಕ್ಸಲ್ ಜೊತೆ ತಾಳೆ ಹಾಕಿ.

ಆಕ್ಸಲ್‌ಗೂ ಹೀಗೇ ಹೆಸರಿರುತ್ತೆ, ಪ್ಲೇಟ್ ಉಳಿದಿದ್ದರೆ. ಮೆರಿಟರ್ ಕಂಪನಿಯ ಆರ್‌ಟಿ-46-160 ಅನ್ನೋದನ್ನೇ ತಗೊಳ್ಳಿ. ಟಿ ಅಂದರೆ ಟ್ಯಾಂಡಮ್, ಎರಡು ಆಕ್ಸಲ್‌ಗಳ ಜೋಡಿ. 46 ಅಂದರೆ 46 ಸಾವಿರ ಪೌಂಡ್, ಸುಮಾರು 21 ಟನ್. ವೋಲ್ವೊದವರ ಆರ್‌ಟಿಎಸ್, ಆರ್‌ಟಿಎಚ್ ಹೆಸರುಗಳಲ್ಲಿ ಕೊನೆಯ ಅಕ್ಷರ ನೋಡಿದರೆ ಸಾಕು. ಎಸ್ ಇದ್ದರೆ ಸಿಂಗಲ್ ರಿಡಕ್ಷನ್, ಎಚ್ ಇದ್ದರೆ ಹಬ್ ರಿಡಕ್ಷನ್. ಪ್ಲೇಟಿನಲ್ಲಿ ರೇಶಿಯೊ ಇದ್ದರೆ ಕೆಲವು ಸಲ 5.857 ಅಂತ, ಕೆಲವು ಸಲ 41/7 ಅಂತ ಹೊಡೆದಿರುತ್ತಾರೆ. ಎರಡೂ ಒಂದೇ. ಕ್ರೌನ್‌ಗೆ 41 ಹಲ್ಲು, ಪಿನಿಯನ್‌ಗೆ 7. ಹಾಗೇ 41/6 ಅಂದರೆ 6.83. ಪ್ಲೇಟ್ ಮೇಲೆ ಗ್ರೀಸು, ಧೂಳು ಗಟ್ಟಿಯಾಗಿ ಕೂತಿರುತ್ತೆ. ಡೀಸೆಲ್ ಹಚ್ಚಿ ತಂತಿ ಬ್ರಶ್‌ನಿಂದ ತಿಕ್ಕಿ. ಸುತ್ತಿಗೆ, ಉಳಿ ಮುಟ್ಟಿಸಬೇಡಿ, ಅಕ್ಷರ ಅಳಿಸಿಹೋಗುತ್ತೆ.

ನಿಮ್ಮ ಗಾಡಿಯಲ್ಲಿ ಒಂದಕ್ಕೆ ಪ್ಲೇಟೇ ಇಲ್ಲ. ಇದೇ ನಿಮ್ಮ ಪ್ರಶ್ನೆಯ ಮುಖ್ಯ ಭಾಗ. 41/7 ಅಂದರೆ 5.857. 35/6 ಅಂದರೆ 5.833. ಎರಡನ್ನೂ ಗುಜರಿಯಲ್ಲಿ ‘ಐದು ಎಂಟು’ ಅಂತಲೇ ಕೊಡುತ್ತಾರೆ. ಒಂದೇ ಆಕ್ಸಲ್ ಎಳೆಯುವ ಲಾರಿಗೆ ಇದರಿಂದ ಏನೂ ಆಗಲ್ಲ. ಆದರೆ ಜೋಡಿ ಆಕ್ಸಲ್‌ನಲ್ಲಿ ಮುಂದಿನದೂ ಹಿಂದಿನದೂ ಒಂದೇ ರಸ್ತೆಯ ಮೇಲೆ ಒಂದೇ ವೇಗದಲ್ಲಿ ಓಡುತ್ತವೆ. ರೇಶಿಯೊ ಬೇರೆಯಾದರೆ ಅವುಗಳ ಪಿನಿಯನ್‌ಗಳು ಬೇರೆ ಬೇರೆ ವೇಗದಲ್ಲಿ ತಿರುಗಲೇಬೇಕು. ಆ ವ್ಯತ್ಯಾಸ ನುಂಗುವುದು ಮುಂದಿನ ಹೌಸಿಂಗ್‌ನ ತಲೆಯಲ್ಲಿರುವ ಇಂಟರ್ ಆಕ್ಸಲ್ ಡಿಫರೆನ್ಷಿಯಲ್, ಅಂದರೆ ಎರಡು ಆಕ್ಸಲ್ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ. ತಿರುವಿನಲ್ಲಿ, ಗುಂಡಿಯಲ್ಲಿ ಆಗಾಗ ಕೆಲಸ ಮಾಡಲಿ ಅಂತ ಇಟ್ಟದ್ದು ಅದು. ಹಗಲೂ ರಾತ್ರಿ ತಿರುಗಲಿ ಅಂತಲ್ಲ. ಅದು ಕೆಲಸ ಮಾಡದಂತೆ ಲಾಕ್ ಹಾಕಿ ಡಾಂಬರಿನ ಮೇಲೆ ಓಡಿಸಿದರಂತೂ ವ್ಯತ್ಯಾಸಕ್ಕೆ ಹೋಗಲು ದಾರಿಯೇ ಇಲ್ಲ. ಟೈರ್ ಉಜ್ಜುತ್ತೆ, ಶಾಫ್ಟ್‌ಗಳು ಹಿಂಡಿಕೊಳ್ಳುತ್ತವೆ, ಕೊನೆಗೆ ಏನಾದರೊಂದು ಮುರಿಯುತ್ತೆ.

ಎರಡೂ ಒಂದೇನಾ ಅಂತ ನೋಡಲು ಹೌಸಿಂಗ್ ಬಿಚ್ಚಬೇಕಿಲ್ಲ. ಗಾಡಿ ಖಾಲಿ ಇರಲಿ, ಸಮತಟ್ಟು ನೆಲದ ಮೇಲಿರಲಿ. ಮುಂದಿನ ಗಾಲಿಗಳಿಗೆ, ಹಿಂದೆ ಬಲಬದಿಯ ಗಾಲಿಗಳಿಗೆ ಎರಡೂ ಕಡೆಯಿಂದ ದಪ್ಪ ದಿಮ್ಮಿ ಅಡ್ಡ ಕೊಡಿ. ಎಡಬದಿಯಲ್ಲಿ ಎರಡೂ ಹಿಂದಿನ ಆಕ್ಸಲ್ ಎತ್ತಿ ಗಟ್ಟಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಕೈ ಹಾಕಬೇಡಿ. ಏರ್ ತುಂಬಿಸಿ ಪಾರ್ಕಿಂಗ್ ಬ್ರೇಕ್ ಬಿಡಿ. ಇಲ್ಲದಿದ್ದರೆ ಗಾಲಿ ತಿರುಗಲ್ಲ. ಬ್ರೇಕ್ ಬಿಟ್ಟ ಮೇಲೆ ಗಾಡಿ ಹಿಡಿಯುವುದು ಆ ದಿಮ್ಮಿಗಳು ಮಾತ್ರ, ಅದಕ್ಕೇ ಅಷ್ಟು ಒತ್ತಿ ಹೇಳಿದೆ. ಇಂಜಿನ್ ಆಫ್, ಗೇರ್ ನ್ಯೂಟ್ರಲ್. ಗಾಲಿಯ ಡಿಫ್ ಲಾಕ್ (ಎಡ-ಬಲ ಗಾಲಿಗಳನ್ನು ಒಟ್ಟಿಗೇ ತಿರುಗಿಸುವುದು) ಬಿಡಿ, ಇಂಟರ್ ಆಕ್ಸಲ್ ಲಾಕ್ ಮಾತ್ರ ಹಾಕಿ. ಗಾಲಿ ಸ್ವಲ್ಪ ಆಚೀಚೆ ಆಡಿಸಿದರೆ ಲಾಕ್ ಕೂರುತ್ತೆ.

ಈಗ ಎತ್ತಿದ ಎರಡೂ ಟೈರ್‌ಗಳ ಮೇಲೆ, ನೆಲದ ಕಡೆಗೆ ನೇರವಾಗಿ, ಸೀಮೆಸುಣ್ಣದ ಗೀಟು ಎಳೆಯಿರಿ. ಎತ್ತಿದ ಎರಡರಲ್ಲಿ ಮುಂದಿರುವ ಗಾಲಿಯನ್ನು ಒಂದೇ ದಿಕ್ಕಿಗೆ 14 ಸುತ್ತು ತಿರುಗಿಸಿ. ಅದರ ಜೊತೆ ಹಿಂದಿನದೂ ತಿರುಗುತ್ತೆ. ಎರಡೂ ಗೀಟು ಒಟ್ಟಿಗೆ ಕೆಳಗೆ ಬಂದು ನಿಂತರೆ ರೇಶಿಯೊ ಒಂದೇ. ಮುಂದೆ 41/7, ಹಿಂದೆ 35/6 ಇದ್ದರೆ ಹಿಂದಿನ ಗೀಟು ಸುಮಾರು 20 ಡಿಗ್ರಿ ಮುಂದೆ ಹೋಗಿರುತ್ತೆ. ಲಾರಿ ಟೈರಿನ ಅಂಚಿನಲ್ಲಿ ಅದು ಒಂದು ಗೇಣಿಗೆ ಸ್ವಲ್ಪ ಕಮ್ಮಿ. ಕಣ್ಣಿಗೆ ಚೆನ್ನಾಗಿ ಕಾಣುತ್ತೆ. ಮುಂದೆ 5.857, ಹಿಂದೆ 6.83 ಇದ್ದರೆ ಹಿಂದಿನ ಗಾಲಿ 12 ಸುತ್ತಿಗೇ ನಿಲ್ಲುತ್ತೆ. ಹಾಗೇನಾದರೂ ಕಂಡರೆ ಆ ಗಾಡಿ ಕಡೆ ಮತ್ತೆ ನೋಡಬೇಡಿ.

ಇದರ ಜೊತೆಗೇ ರೇಶಿಯೊ ಎಷ್ಟು ಅಂತಲೂ ತಿಳಿಯುತ್ತೆ. ಎರಡು ಆಕ್ಸಲ್ ನಡುವಿನ ಗಿಡ್ಡ ಶಾಫ್ಟ್ ಮೇಲೂ ಒಂದು ಗೀಟು ಹಾಕಿ, ಒಬ್ಬರನ್ನು ಕೆಳಗೆ ಕೂರಿಸಿ ಎಣಿಸಲು ಹೇಳಿ. ಒಂದು ಬದಿಯ ಗಾಲಿ ನೆಲಕ್ಕೆ ಕಚ್ಚಿಕೊಂಡಿರುವಾಗ ಇನ್ನೊಂದು ಬದಿಯ ಗಾಲಿ ಎರಡು ಸುತ್ತು ಹಾಕಿದರೆ ಕ್ರೌನ್ ಒಂದೇ ಸುತ್ತು ಹಾಕುತ್ತೆ. ಡಿಫರೆನ್ಷಿಯಲ್‌ನ ಲೆಕ್ಕವೇ ಅದು. ಹಾಗಾಗಿ ಗಾಲಿಯ 14 ಸುತ್ತಿಗೆ ಕ್ರೌನ್ 7 ಸುತ್ತು. ಶಾಫ್ಟ್ ಸರಿಯಾಗಿ 41 ಸುತ್ತು ಹಾಕಿ ಗೀಟು ಅದೇ ಜಾಗಕ್ಕೆ ಬಂದರೆ ನಿಮ್ಮದು 41/7. ಒಂದು ಸುತ್ತಿನ ಆರನೇ ಒಂದು ಭಾಗ ಕಮ್ಮಿ ಬಿದ್ದರೆ 35/6. ಬಹಳ ಜನ ಈ ಎರಡು ಸುತ್ತು-ಒಂದು ಸುತ್ತಿನ ಲೆಕ್ಕ ಮರೆತು ರೇಶಿಯೊ 2.9 ಅಂತ ಬರೆದುಕೊಳ್ಳುತ್ತಾರೆ. ಹಬ್ ರಿಡಕ್ಷನ್ ಗಾಡಿಗೂ ಇದೇ ಎಣಿಕೆ ನಡೆಯುತ್ತೆ. ನಡುವಿನದು, ಹಬ್ಬಿನದು ಎರಡೂ ಗುಣಿಸಿದ ಒಟ್ಟು ರೇಶಿಯೊ ಸಿಗುತ್ತೆ. ಅದರಲ್ಲಿ ಕ್ರೌನ್-ಪಿನಿಯನ್ ಹಲ್ಲು ಮಾತ್ರ ಎಣಿಸಿದರೆ ಲೆಕ್ಕ ತಪ್ಪುತ್ತೆ.

ಇನ್ನು ಹಬ್ ರಿಡಕ್ಷನ್ನೇ ಗಟ್ಟಿ ಅನ್ನೋ ಮಾತು. ಅರ್ಧ ನಿಜ. ಕೊನೆಯ ಎಳೆತ ಹಬ್ಬಿನಲ್ಲೇ ಹುಟ್ಟುವುದರಿಂದ ಪ್ರೊಪೆಲ್ಲರ್, ಕ್ರೌನ್, ಆಕ್ಸಲ್ ಶಾಫ್ಟ್‌ಗಳ ಮೇಲೆ ಹೊಡೆತ ಕಮ್ಮಿ. ನಡು ಸಣ್ಣದಿರುವುದರಿಂದ ಕಲ್ಲಿಗೆ ತಾಗುವುದೂ ಕಮ್ಮಿ. ಗಣಿಯಲ್ಲಿ ಓಡುವ ವೋಲ್ವೊ ಎಫ್‌ಎಂಎಕ್ಸ್‌ನಂಥ ಗಾಡಿಗಳಿಗೆ ಹಬ್ ರಿಡಕ್ಷನ್ ಕೊಡುವುದು ಇದಕ್ಕೇ. ಇಡೀ ದಿನ ಲೋಡ್ ಹೊತ್ತು ಏರು ಹತ್ತುವ ಕೆಲಸಕ್ಕೆ ಅದು ನಿಜವಾಗಿಯೂ ಒಳ್ಳೆಯದು. ಆದರೆ ಭಾರ ಹೊರುವ ಶಕ್ತಿ ಬೇರೆ ವಿಷಯ. ಅದು ಹೌಸಿಂಗ್, ಸ್ಪಿಂಡಲ್, ಬೇರಿಂಗ್‌ಗಳದ್ದು. ಕಾನೂನಿನ ಲೆಕ್ಕದಲ್ಲಂತೂ ಎರಡೂ ಒಂದೇ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಜೋಡಿ ಆಕ್ಸಲ್‌ನ ಮಿತಿಯನ್ನು 19 ಟನ್ನಿನಿಂದ 21ಕ್ಕೆ, ನಾಲ್ಕು ಟೈರಿನ ಒಂಟಿ ಆಕ್ಸಲ್‌ದನ್ನು 10.2ರಿಂದ 11.5ಕ್ಕೆ ಏರಿಸಿತು. ಹಬ್ ರಿಡಕ್ಷನ್ ಇದೆ ಅಂತ ಹೆಚ್ಚು ಟನ್ ಯಾರೂ ಬಿಡಲ್ಲ. ಆರ್‌ಸಿಯಲ್ಲಿ ಎಷ್ಟಿದೆಯೋ ಅಷ್ಟೇ.

ಡಾಂಬರಿನ ಮೇಲೆ ಅದರ ಬೆಲೆ ದಿನವೂ ಕೊಡಬೇಕಾಗುತ್ತೆ. ನಾಲ್ಕು ಹಬ್ಬಿನ ಗೇರ್‌ಗಳೂ ಗಾಲಿ ತಿರುಗಿದಷ್ಟು ಹೊತ್ತು ಆಯಿಲ್ ಕಲಕುತ್ತಾ ತಿರುಗುತ್ತವೆ. ಶಾಖ ಹೆಚ್ಚು, ತೂಕ ಹೆಚ್ಚು, ಡೀಸೆಲ್ ಹೆಚ್ಚು. ನೋಡಿಕೊಳ್ಳಬೇಕಾದ ಆಯಿಲ್ ಜಾಗಗಳೂ ಜಾಸ್ತಿ. ಹಬ್ಬಿನ ಮಟ್ಟ ನೋಡಲು ಗಾಲಿಯನ್ನು ಮುಖದ ಗುರುತು ಸರಿಯಾದ ಜಾಗಕ್ಕೆ ಬರುವ ತನಕ ತಿರುಗಿಸಿ ನಿಲ್ಲಿಸಬೇಕು. ಅವಸರದ ಸರ್ವಿಸ್‌ನಲ್ಲಿ ಯಾರೂ ಹಾಗೆ ಮಾಡಲ್ಲ. ಆಯಿಲ್ ಕಮ್ಮಿಯಾಗಿ ಸುಟ್ಟ ಹಬ್ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತೆ. ನಿಮ್ಮದು 50 ಕಿ.ಮೀ. ಡಾಂಬರು, ಎರಡು ಕಿ.ಮೀ. ಕ್ವಾರಿ. ಈ ಅಳತೆಗೆ ಹಬ್ ರಿಡಕ್ಷನ್ ಬೇಡ.

ಕ್ವಾರಿಯ ಆ ಎರಡು ಕಿ.ಮೀ.ಗೆ ನಿಮಗೆ ಬೇಕಿರುವುದು ಚೆನ್ನಾಗಿ ಕೆಲಸ ಮಾಡುವ ಡಿಫ್ ಲಾಕ್. ಮಳೆ ಬಿದ್ದ ಎರೆ ಮಣ್ಣಿನಲ್ಲಿ ಯಾವ ಆಕ್ಸಲ್ ಆದರೂ ಒಂದು ಗಾಲಿ ಜಾರಿದರೆ ಉಳಿದವು ನಿಲ್ಲುತ್ತವೆ. ಕೊಳ್ಳುವ ಮೊದಲು ಲಾಕ್ ಹಾಕಿಸಿ ಬಿಡಿಸಿ ನೋಡಿ. ಏರ್ ಸೋರುವ ಸದ್ದು ಇರಬಾರದು, ದೀಪ ಹತ್ತಿ ಆರಬೇಕು. ಡ್ರೈವರ್‌ಗೂ ಹೇಳಿ: ಕೆಸರು ಬರುವ ಮೊದಲೇ ನಿಧಾನ ಮಾಡಿ ಲಾಕ್ ಹಾಕಬೇಕು. ಗಾಲಿ ಗಿರ್ರೆಂದು ತಿರುಗುತ್ತಿರುವಾಗ ಹಾಕಿದರೆ ಹಲ್ಲು ಹಾರಿಹೋಗುತ್ತವೆ. ಡಾಂಬರಿಗೆ ಬರುವ ಮೊದಲೇ ಬಿಡಿಸಬೇಕು.

ಮತ್ತೆ 5.86 ನಿಮಗೆ ಸಾಕಾ? ಸಾಕು. 10.00-20 ಟೈರ್ ಒಂದು ಸುತ್ತಿಗೆ ಸುಮಾರು 3.2 ಮೀಟರ್ ಹೋಗುತ್ತೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಲಿ ನಿಮಿಷಕ್ಕೆ 312 ಸುತ್ತು. ಟಾಪ್ ಗೇರ್ ನೇರ (ಇಂಜಿನ್ ಒಂದು ಸುತ್ತಿಗೆ ಶಾಫ್ಟೂ ಒಂದು ಸುತ್ತು) ಇದ್ದರೆ 5.86ರಲ್ಲಿ ಇಂಜಿನ್ ಸುಮಾರು 1,830 ಆರ್‌ಪಿಎಂ, 6.83ರಲ್ಲಿ 2,130. ಎಳೆತ 6.83ರಲ್ಲಿ ಆರನೇ ಒಂದು ಭಾಗದಷ್ಟು ಹೆಚ್ಚು, ಅದು ಸುಳ್ಳಲ್ಲ. ಆದರೆ ಲಕ್ಷ್ಮೇಶ್ವರ, ಸವಣೂರು ಕಡೆಯ ರಸ್ತೆಗೆ ಅಷ್ಟು ಎಳೆತ ಬೇಡ. ಲೋಡ್ ಹೊತ್ತು ಅರಬೈಲ್ ಘಟ್ಟ ದಿನಾ ಹತ್ತುವವರಾಗಿದ್ದರೆ ನಾನೇ 6.83 ಹೇಳುತ್ತಿದ್ದೆ. ಗೇರ್‌ಬಾಕ್ಸಿನಲ್ಲಿ ಓವರ್‌ಡ್ರೈವ್ (ಇಂಜಿನ್‌ಗಿಂತ ಶಾಫ್ಟ್ ಜೋರಾಗಿ ತಿರುಗುವ ಗೇರ್) ಇದ್ದರೆ ಲೆಕ್ಕ ಬದಲಾಗುತ್ತೆ. ಹಾಗಾಗಿ ಆಕ್ಸಲ್ ಒಂದನ್ನೇ ಹಿಡಿದು ತೀರ್ಮಾನ ಮಾಡಬೇಡಿ, ಗೇರ್‌ಬಾಕ್ಸ್ ಪ್ಲೇಟನ್ನೂ ನೋಡಿ.

ರೇಶಿಯೊ ಸರಿಹೋದ ಮೇಲೆ ಬದಲಾಯಿಸಿದ ಹೌಸಿಂಗ್‌ನ ಆರೋಗ್ಯ ನೋಡಬೇಕು. ಮಾರುವವರ ಒಪ್ಪಿಗೆ ತಗೊಂಡು ಡ್ರೈನ್ ಪ್ಲಗ್ ಬಿಚ್ಚಿಸಿ. ಅದರ ತುದಿಯಲ್ಲಿ ಆಯಸ್ಕಾಂತ ಇರುತ್ತೆ. ಅಂಟಿಕೊಂಡದ್ದನ್ನು ಹೆಬ್ಬೆರಳು, ತೋರುಬೆರಳಲ್ಲಿ ಉಜ್ಜಿ. ಬೂದು ಬಣ್ಣದ ನುಣ್ಣನೆ ಕಾಡಿಗೆಯಂತಿದ್ದರೆ ಚಿಂತೆಯಿಲ್ಲ, ಓಡಿದ ಗಾಡಿಯಲ್ಲಿ ಅದು ಇದ್ದೇ ಇರುತ್ತೆ. ಬೆರಳಿಗೆ ಚುಚ್ಚುವ ಚೂರು, ಹೊಳೆಯುವ ಚಕ್ಕೆ ಸಿಕ್ಕರೆ ಬೇರಿಂಗ್ ಅಥವಾ ಹಲ್ಲು ಹೋಗಿದೆ. ಆಯಿಲ್ ಹಾಲು ಬೆರೆಸಿದ ಹಾಗಿದ್ದರೆ ನೀರು ಹೊಕ್ಕಿದೆ. ಹೌಸಿಂಗ್ ಮೇಲಿನ ಚಿಕ್ಕ ಬ್ರೀದರ್ (ಗಾಳಿ ಹೋಗುವ ತೂತು) ಮಣ್ಣಿನಿಂದ ಮುಚ್ಚಿದೆಯಾ ನೋಡಿ. ಅದು ಮುಚ್ಚಿದರೆ ಒಳಗಿನ ಬಿಸಿಗಾಳಿ ಆಯಿಲ್ ಸೀಲ್ ದಾಟಿ ನುಗ್ಗುತ್ತೆ, ಆಯಿಲ್ ಬ್ರೇಕ್ ಲೈನರ್‌ಗೆ ಬಡಿಯುತ್ತೆ. ಸೀಲ್ ಎಷ್ಟು ಸಲ ಹಾಕಿದರೂ ನಿಲ್ಲಲ್ಲ ಅಂತ ಗೋಳಾಡುವವರು ಮೊದಲು ಬ್ರೀದರ್ ಬಿಡಿಸಬೇಕು.

ಪಾಟಾ (ಸ್ಪ್ರಿಂಗ್ ಪಟ್ಟಿ) ಕೂರುವ ಜಾಗದ ಹತ್ತಿರ ಹೊಸ ಬಣ್ಣ ಬಳಿದಿದ್ದರೆ ಕೆರೆದು ನೋಡಿ. ಓವರ್‌ಲೋಡ್ ಹೊತ್ತು ಬಿರುಕು ಬಿಟ್ಟ ಹೌಸಿಂಗ್‌ಗೆ ವೆಲ್ಡ್ ಹಾಕಿ ಮುಚ್ಚಿರುವ ಜಾಗ ಅದೇ. ವೆಲ್ಡ್ ಬಿಸಿಗೆ ಹೌಸಿಂಗ್ ಸೊಟ್ಟಾಗಿದ್ದರೆ ಆ ಆಕ್ಸಲ್‌ನ ಟೈರ್‌ಗಳು ಒಂದೇ ಅಂಚಿನಲ್ಲಿ ಸವೆದಿರುತ್ತವೆ. ಆಮೇಲೆ ಓಡಿಸಿ ಕೇಳಿ. ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಗುಂಯ್ ಅಂದರೆ ಹಲ್ಲಿನ ಮುಂದಿನ ಮೈ ಸವೆದಿದೆ. ಕಾಲು ಬಿಟ್ಟಾಗ ಅಂದರೆ ಹಿಂದಿನ ಮೈ. ನೇರ ರಸ್ತೆಯಲ್ಲಿ ಸುಮ್ಮನಿದ್ದು ತಿರುವಿನಲ್ಲಿ ಮಾತ್ರ ಸದ್ದು ಬಂದರೆ ಡಿಫರೆನ್ಷಿಯಲ್ ಒಳಗಿನ ಚಿಕ್ಕ ಪಿನಿಯನ್‌ಗಳನ್ನು ಅನುಮಾನಿಸಬೇಕು. ಗಾಡಿ ಹೊರಡುವಾಗ ಟಕ್ ಅಂದರೆ ಕ್ರೌನ್ ಅಂತ ಹೆದರಬೇಡಿ. ಮೊದಲು ಪ್ರೊಪೆಲ್ಲರ್‌ನ ಕ್ರಾಸ್ ಜಾಯಿಂಟ್ ಅಲ್ಲಾಡಿಸಿ ನೋಡಿ.

ಗುಜರಿಯಿಂದ ಬಂದ ಹೌಸಿಂಗ್‌ನಲ್ಲಿ ನನಗೆ ಹೆಚ್ಚು ಭಯ ಇರುವುದು ಒಂದೇ ವಿಷಯಕ್ಕೆ. ಒಂದು ಗಾಡಿಯ ಕ್ರೌನ್, ಇನ್ನೊಂದು ಗಾಡಿಯ ಪಿನಿಯನ್ ಸೇರಿಸಿಬಿಡುತ್ತಾರೆ. ಹಲ್ಲಿನ ಎಣಿಕೆ ಸರಿಯಿರುತ್ತೆ, ಕೂರುತ್ತೆ, ಓಡುತ್ತೆ. ಆದರೆ ಕಾರ್ಖಾನೆಯಲ್ಲಿ ಇವೆರಡನ್ನೂ ಜೊತೆಗಿಟ್ಟು ಉಜ್ಜಿ ಜೋಡಿ ಮಾಡಿ, ಒಂದೇ ನಂಬರ್ ಕೆತ್ತಿರುತ್ತಾರೆ. ಪಿನಿಯನ್ ತುದಿಯ ಮುಖದಲ್ಲಿ ಒಂದು, ಕ್ರೌನ್ ಅಂಚಿನಲ್ಲಿ ಒಂದು. ಎರಡೂ ತಾಳೆಯಾಗಬೇಕು. ಇದಕ್ಕೆ ಮಾತ್ರ ಒಳಗೆ ನೋಡಲೇಬೇಕು. ಬದಲಾಯಿಸಿದ ಆ ಒಂದು ಆಕ್ಸಲ್‌ನ ಎರಡೂ ಶಾಫ್ಟ್ ಎಳೆದು, ಡಿಫರೆನ್ಷಿಯಲ್ ಇಳಿಸಿ ನಂಬರ್ ನೋಡಲು ಮಾರುವವರನ್ನು ಮೊದಲು ಒಪ್ಪಿಸಿ. ಆ ಕೂಲಿ ನೀವೇ ಕೊಟ್ಟರೂ ನಷ್ಟವಿಲ್ಲ. ಒಪ್ಪದಿದ್ದರೆ ಹೊಸ ಕ್ರೌನ್-ಪಿನಿಯನ್ ಸೆಟ್ಟಿನ ದುಡ್ಡು ರೇಟಿನಲ್ಲಿ ಕಡಿಮೆ ಮಾಡಿಸಿ.

ಆ ಹೌಸಿಂಗ್ ಬೇರೆ ಮಾಡೆಲ್‌ದಾಗಿದ್ದರೆ ಬ್ರೇಕ್ ಡ್ರಮ್ ಅಗಲ, ಟಾರ್ಕ್ ರಾಡ್ (ಆಕ್ಸಲನ್ನು ಚಾಸಿಗೆ ಹಿಡಿದಿಡುವ ದಂಡ) ಬ್ರಾಕೆಟ್, ಎಬಿಎಸ್ (ಬ್ರೇಕ್ ಹಾಕಿದಾಗ ಗಾಲಿ ಜಾಮ್ ಆಗದಂತೆ ತಡೆಯುವ ಏರ್ಪಾಡು) ರಿಂಗ್‌ನ ಹಲ್ಲು ಇವು ಇನ್ನೊಂದು ಆಕ್ಸಲ್ ಜೊತೆ ಹೊಂದುತ್ತವಾ ನೋಡಿ. ಡ್ರಮ್ ಬೇರೆಯಾದರೆ ಬ್ರೇಕ್ ಒಂದು ಆಕ್ಸಲ್‌ಗೆ ಹೆಚ್ಚು, ಇನ್ನೊಂದಕ್ಕೆ ಕಮ್ಮಿ ಹಿಡಿಯುತ್ತೆ. ಕಂಪನಿ ಕೊಟ್ಟದ್ದಕ್ಕಿಂತ ಬೇರೆ ಆಕ್ಸಲ್ ಕೂರಿಸುವುದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಕೆಳಗೂ ಬರುತ್ತೆ. ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಹೊತ್ತಿಗೆ ಅದು ನಿಮ್ಮ ತಲೆಗೇ ಬರುತ್ತೆ, ಮಾರಿದವರಿಗಲ್ಲ.

ಗಾಡಿ ತಗೊಂಡ ಮೇಲೆ ಮೊದಲ ದಿನವೇ ಎರಡೂ ಹೌಸಿಂಗ್‌ನ ಆಯಿಲ್ ಬದಲಾಯಿಸಿ. ಹೈಪಾಯ್ಡ್ ಕ್ರೌನ್-ಪಿನಿಯನ್‌ನಲ್ಲಿ ಹಲ್ಲುಗಳು ಒತ್ತಿಕೊಂಡು ಜಾರುತ್ತವೆ. ಅದಕ್ಕೆ ಜಿಎಲ್-5 ದರ್ಜೆಯ ಆಯಿಲೇ ಬೇಕು. ಗೇರ್‌ಬಾಕ್ಸಿಗೆ ತಂದ ಜಿಎಲ್-4 ಉಳಿದಿದೆ ಅಂತ ಅದನ್ನೇ ಸುರಿಯಬೇಡಿ. 85ಡಬ್ಲ್ಯು-140 ಅಥವಾ 80ಡಬ್ಲ್ಯು-90, ಎರಡರಲ್ಲಿ ಯಾವುದು ಅಂತ ಗಾಡಿಯ ಪುಸ್ತಕದಲ್ಲಿರುತ್ತೆ. ಹಿಂದಿನ ಎಂಟೂ ಟೈರ್ ಒಂದೇ ಅಳತೆ, ಹೆಚ್ಚುಕಡಿಮೆ ಒಂದೇ ಸವೆತ ಇರುವಂತೆ ಜೋಡಿಸಿ. ಒಂದು ಆಕ್ಸಲ್‌ಗೆ ಹೊಸ ಟೈರ್, ಇನ್ನೊಂದಕ್ಕೆ ಬೋಳು ಟೈರ್ ಹಾಕಿದರೆ ರೇಶಿಯೊ ಬೇರೆಯಾದಷ್ಟೇ ಕೆಡುಕು.